ಬ್ರೇಕ್ ಆಯಿಲಿನ ಮೂರನೇ ಬಾಟ್ಲಿ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಲಾಯಿಲದಲ್ಲಿ ನಮ್ಮ ಮನೆಯ ಎದುರಿನಿಂದ ಹಾದುಹೋಗುವವರಿಗೆ ಒಂದು ದೃಶ್ಯ ಖಂಡಿತ ಕಾಣಸಿಗುತ್ತದೆ. ಅಂಗಳದಲ್ಲಿ ಬಾನೆಟ್ ಎತ್ತಿ ನಿಂತ ಒಂದು ಹಳೆಯ ಬೂದು ಕಾರು. ಅದರೊಳಗೆ ಸೊಂಟದವರೆಗೆ ಬಗ್ಗಿದ, ನೈಟಿಯ ಮೇಲೆ ಮೈಯೊರೆಸುವ ಬೈರಾಸು ಹೊದ್ದ ಒಬ್ಬಳು ಹೆಂಗಸು. ಕಾರು ಆಕೆಯನ್ನು ನುಂಗುತ್ತಿದೆಯೋ, ಆಕೆ ಕಾರನ್ನು ನುಂಗುತ್ತಿದ್ದಾಳೋ ಎಂದು ದಾರಿಹೋಕರಿಗೆ ಸಂಶಯ ಬಂದರೆ ಅದು ಅವರ ತಪ್ಪಲ್ಲ. ಆ ಹೆಂಗಸು ನಾನೇ. ವಾಮದಪದವಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ವಯಸ್ಸು ಐವತ್ತೊಂದು, ಡ್ರೈವಿಂಗ್ ಕಲಿತು ಮೂರು ವರ್ಷ. ನನ್ನ ಗಂಡನಿಗೆ ಡ್ರೈವಿಂಗ್ ಬಾರದು, ಕಲಿಯಬೇಕೆಂಬ ಆಸೆಯೂ ಇಲ್ಲ. ಅವರು ಜಗಲಿಯಲ್ಲಿ ಪೇಪರ್ ಹಿಡಿದು ಕುಳಿತು, “ಕಾರಿಗೂ ನಿನಗೂ ಒಂದೇ ಗುಣ, ಬೆಳಿಗ್ಗೆ ಎದ್ದ ಕೂಡಲೇ ಬಾಯಿಗೆ ಏನಾದರೂ ಬೀಳಬೇಕು” ಎನ್ನುತ್ತಾರೆ.

ಮೊದಲು ಈ ಕೆಲಸವನ್ನು ಹೆಮ್ಮೆಯಿಂದ ಮಾಡುತ್ತಿದ್ದೆ. ಈಗ ಹೆದರಿಕೆಯಿಂದ ಮಾಡುತ್ತೇನೆ. ಎರಡರ ನಡುವೆ ಏನು ನಡೆಯಿತು ಎಂಬುದನ್ನು ಹೇಳಲು ಕುಳಿತಿದ್ದೇನೆ. ಹೇಳಿ ಮುಗಿಸುವ ಧೈರ್ಯ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ.

ಕಾರು ನಮ್ಮ ಕೈಗೆ ಬಂದದ್ದು ಮೂಡುಬಿದಿರೆಯಿಂದ. ಗಲ್ಫಿನಲ್ಲಿದ್ದ ಒಬ್ಬರು ರಜೆಗೆ ಬಂದಾಗ ಮಾತ್ರ ಓಡಿಸುತ್ತಿದ್ದ ಗಾಡಿ. ಕೀ ಕೊಡುವಾಗ ಆ ಪುಣ್ಯಾತ್ಮರು ಮಗಳನ್ನು ಧಾರೆ ಎರೆದು ಕೊಡುವವರ ಮುಖ ಮಾಡಿಕೊಂಡು, “ಟೀಚರೇ, ಹಳೆ ಗಾಡಿ. ವಾರಕ್ಕೊಮ್ಮೆ ಬಾನೆಟ್ ತೆಗೆದು ಆಯಿಲ್, ನೀರು ಎಲ್ಲ ನೋಡಿಕೊಳ್ಳಿ. ಕಡಿಮೆಯಾದ್ರೆ ಹಾಕಿ” ಎಂದಿದ್ದರು. ನಾನು ಇಪ್ಪತ್ತೈದು ವರ್ಷ ಮಕ್ಕಳಿಗೆ ಹೋಂವರ್ಕ್ ಕೊಟ್ಟವಳು. ನನಗೇ ಯಾರಾದರೂ ಹೋಂವರ್ಕ್ ಕೊಟ್ಟರೆ ಬಿಡುತ್ತೇನೆಯೇ?

ಮೊದಲ ಭಾನುವಾರವೇ ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿದೆ. ತುದಿಯಲ್ಲಿ ಎರಡು ಹನಿ ಮಾತ್ರ ಅಂಟಿಕೊಂಡಿತ್ತು. ಅಯ್ಯೋ ದೇವರೇ, ಇಷ್ಟು ದೊಡ್ಡ ಎಂಜಿನ್ನಿಗೆ ಇರುವುದು ಎರಡೇ ಹನಿಯೇ ಎಂದುಕೊಂಡೆ. ಕಡ್ಡಿ ತುಂಬ ಎಣ್ಣೆ ಬರಬೇಕೆಂದು ಕ್ಯಾನಿನಲ್ಲಿದ್ದ ಆಯಿಲನ್ನು ಮುಕ್ಕಾಲು ಪಾಲು ಹೊಯ್ದೆ. ಸೋಮವಾರ ಕಾರು ಬಿಟ್ಟ ಹೊಗೆ ನೋಡಿ ಹಿಂದಿನ ಬೈಕಿನವರು ರಸ್ತೆ ಬಿಟ್ಟು ಇಳಿದರು. ನಮ್ಮ ಮನೆಯಿಂದ ಕೂಗಳತೆಯಲ್ಲಿ ಗ್ಯಾರೇಜ್ ಇಟ್ಟಿರುವ ಲೋಕಯ್ಯಣ್ಣ ಕೆಳಗೆ ಮಲಗಿ ಹೆಚ್ಚಿನ ಆಯಿಲನ್ನು ಇಳಿಸಿದರು. ಆಮೇಲೆ ಬಟ್ಟೆಯಲ್ಲಿ ಕಡ್ಡಿ ಒರೆಸಿ, ಮತ್ತೆ ಅದ್ದಿ, ಎರಡು ಗೆರೆಗಳ ನಡುವೆ ಎಣ್ಣೆ ನಿಂತರೆ ಸಾಕು ಎಂದು ತೋರಿಸಿಕೊಟ್ಟರು. ಮೇಲಿನ ಗೆರೆ ಫಸ್ಟ್ ಕ್ಲಾಸು, ಕೆಳಗಿನ ಗೆರೆ ಪಾಸು ಎಂದು ನಾನು ಅರ್ಥ ಮಾಡಿಕೊಂಡೆ. ಕೂಲೆಂಟಿಗೂ, ಬ್ರೇಕ್ ಆಯಿಲಿಗೂ ಹಾಗೆಯೇ ಪಾರದರ್ಶಕ ಡಬ್ಬಿಯ ಮೇಲೆ ಗೆರೆಗಳಿದ್ದವು. ಅಲ್ಲಿಂದ ನನ್ನ ಕಾರಿನಲ್ಲಿ ಎಲ್ಲವೂ ಫಸ್ಟ್ ಕ್ಲಾಸಿನಲ್ಲೇ ಇರತೊಡಗಿದವು.

ತುಂಬಿಸುವ ಹುಚ್ಚು ನನಗೆ ಕಾರಿನಿಂದ ಬಂದದ್ದಲ್ಲ, ಅದು ಹುಟ್ಟುಗುಣ. ಮುಂಡಾಜೆಯಲ್ಲಿ ಚಾರ್ಮಾಡಿ ರಸ್ತೆಯ ಬದಿಗೆ ಅಜ್ಜನದ್ದೊಂದು ಚಾದ ಹೋಟೆಲಿತ್ತು. ಹಿಂದೆ ನಾಲ್ಕು ಕೋಣೆ, ಅದರಲ್ಲಿ ಹದಿನಾಲ್ಕು ಜನ. ಘಟ್ಟ ಹತ್ತುವ ಮೊದಲು ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಡ್ರೈವರುಗಳಿಗೆ ಚಾ ಮತ್ತು ಬನ್ಸು, ಲಾರಿಗೆ ರೇಡಿಯೇಟರಿನ ನೀರು. ನೀರಿನ ಖಾತೆ ಮಕ್ಕಳಾದ ನಮ್ಮದು. ಬಾವಿಯಿಂದ ಕೊಡಪಾನದಲ್ಲಿ ತಂದ ನೀರನ್ನು ಡ್ರೈವರ್ ಮುಖ ಆಚೆ ತಿರುಗಿಸಿಕೊಂಡು ಹೊಯ್ಯುತ್ತಿದ್ದ. ಒಳಗಿನಿಂದ ಬುಸ್ಸೆಂದು ಹಬೆ ಏಳುತ್ತಿತ್ತು, ನಾವು ಕಿರುಚುತ್ತ ಓಡುತ್ತಿದ್ದೆವು. ಒಂದು ಲಾರಿ ಮೂರು ಕೊಡಪಾನ ಕುಡಿದರೆ ಅದನ್ನು ನಾವು ಒಳ್ಳೆಯ ಲಾರಿ ಎನ್ನುತ್ತಿದ್ದೆವು. ಅಷ್ಟು ನೀರು ಎಲ್ಲಿಗೆ ಹೋಯಿತು ಎಂದು ನಮ್ಮಲ್ಲಿ ಒಬ್ಬರಿಗಾದರೂ ಅನಿಸಿದ್ದು ನೆನಪಿಲ್ಲ.

ಅಂಥ ಪ್ರಶ್ನೆಗೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ ಅನ್ನಿ. ಅಜ್ಜಿಯದ್ದು ಒಂದು ಕಾನೂನು ಇತ್ತು, “ತೂಯಿನಕುಲು ದಿಂಜಾವೊಡು.” ಕಂಡವರು ತುಂಬಿಸಬೇಕು. ಬಚ್ಚಲಿನ ಹಂಡೆ, ಕುಡಿಯುವ ನೀರಿನ ಮಡಕೆ, ಉಪ್ಪಿನ ಭರಣಿ, ದೀಪದ ಎಣ್ಣೆ, ಯಾವುದೇ ಇರಲಿ, ಕಡಿಮೆಯಾದದ್ದು ಯಾರ ಕಣ್ಣಿಗೆ ಬಿತ್ತೋ ಅವರು ತುಂಬಿಸಿಬಿಡಬೇಕು. ಮುಗಿಸಿದ್ದು ಯಾರು ಎಂದು ಮಾತ್ರ ಕೇಳಬಾರದು. ಕೇಳಿದವರಿಗೆ ಅಜ್ಜಿಯ ಮುಖ ಗಂಟಿಕ್ಕುತ್ತಿತ್ತು. ಒಮ್ಮೆ ತೆಂಗಿನೆಣ್ಣೆಯ ಡಬ್ಬಿ ವಾರದೊಳಗೆ ಎರಡು ಸಲ ತಳ ಕಂಡಿತು. ಚಿಕ್ಕಮ್ಮ ಆಚೆ ಮನೆಯ ಬಾಣಂತಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಕೊಟ್ಟುಬರುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ದೊಡ್ಡ ಪತ್ತೇದಾರಿಣಿಯ ಹಾಗೆ ಅಜ್ಜಿಯ ಕಿವಿಯಲ್ಲಿ ಹೇಳಿದರೆ, ಅವರು ನನ್ನ ಕಿವಿಯನ್ನೇ ಹಿಂಡಿ, ನನಗೆ ಗೊತ್ತಿಲ್ಲ ಎಂದು ಎಣಿಸಿದ್ದೀಯಾ, ಕೇಳಿದರೆ ಅವಳ ಕೊಡುವ ಕೈ ನಿಂತುಹೋಗ್ತದೆ ಎಂದರು. ಹದಿನಾಲ್ಕು ಜನ ಒಂದೇ ಸೂರಿನ ಕೆಳಗೆ ಜಗಳವಿಲ್ಲದೆ ಬಾಳಿದ್ದು ಆ ಕಾನೂನಿನ ಬಲದಿಂದ. ನಾನು ಅದನ್ನು ಮದುವೆಯಾಗಿ ಬರುವಾಗ ಜೊತೆಗೇ ತಂದೆ. ನಮ್ಮ ಮನೆಯಲ್ಲಿ ಇವತ್ತಿಗೂ ಸಕ್ಕರೆ ಡಬ್ಬಿ ಖಾಲಿಯಾದರೆ ಯಾರೂ ಯಾರನ್ನೂ ವಿಚಾರಿಸುವುದಿಲ್ಲ.

ಇನ್ನು ಝೊಹರಾಳ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಈ ಕತೆಯಲ್ಲಿ ಕಾರಿಗಿಂತ ದೊಡ್ಡವಳು ಅವಳು. ನಮ್ಮ ಶಾಲೆಯ ಗಣಿತದ ಟೀಚರ್, ಮನೆ ಗುರುವಾಯನಕೆರೆಯಲ್ಲಿ. ಗಂಡ ಗಲ್ಫಿನಲ್ಲಿ, ಇಲ್ಲಿ ಅವಳೂ, ಅವಳು ಮಾಮಿ ಎಂದು ಕರೆಯುವ ಅತ್ತೆಯೂ. ಮದುವೆಯಾಗಿ ಹದಿಮೂರು ವರ್ಷ. ಎರಡು ಸಲ ಬಸಿರು ನಿಂತದ್ದು ಎರಡು ಸಲವೂ ಹೋಗಿತ್ತು. ಮೂರನೆಯದು ನಿಂತಾಗ ಅವಳು ಅದನ್ನು ಐದು ತಿಂಗಳಾಗುವವರೆಗೆ ಸ್ಟಾಫ್‌ರೂಮಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ ದಿನವೂ ನಗಲಿಲ್ಲ, ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರರು ಹೇಳಿದ್ದರು. ರಜೆಯನ್ನು ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳಬೇಕೆಂದು ಅವಳಿಗೆ ಆಸೆ. ನನ್ನ ಕಾರು ಇರುವಾಗ ನಿನಗೆಂಥ ಚಿಂತೆ ಎಂದೆ. ಅಂದಿನಿಂದ ಅವಳು ನನ್ನ ಎಡಗಡೆಯ ಸೀಟಿನವಳಾದಳು.

ಅವಳ ಅತ್ತೆ ಪ್ರತಿದಿನ ಬೆಳಿಗ್ಗೆ ರಸ್ತೆಯವರೆಗೆ ಬಂದು, ಅವಳನ್ನು ಕೂರಿಸಿ, ಬಾಗಿಲು ಹಾಕಿ, ನನ್ನ ಕಡೆ ನೋಡಿ ಒಂದೇ ಮಾತು ಹೇಳುತ್ತಿದ್ದರು, “ಮೆಲ್ಲ ಹೋಗಿ ಟೀಚರ್, ನಿಮ್ಮನ್ನು ನಂಬಿದ್ದೇವೆ.” ನಾನು ಮೆಲ್ಲ ಹೋಗುತ್ತಿದ್ದೆ. ಆಟೋಗಳು, ಹಾಲಿನ ವ್ಯಾನು, ಕೊನೆಗೆ ಒಬ್ಬ ಸೈಕಲಿನ ಹುಡುಗನೂ ನನ್ನನ್ನು ಹಿಂದೆ ಹಾಕಿದ್ದಾರೆ. ಹೊಂಡ ಕಂಡಲ್ಲಿ ಕಾರು ನಿಲ್ಲಿಸಿ, ಯೋಚಿಸಿ, ಇಳಿಸುತ್ತಿದ್ದೆ. ಭಾನುವಾರದ ಬಾನೆಟ್ ಪೂಜೆ ಇನ್ನಷ್ಟು ಶ್ರದ್ಧೆಯಿಂದ ಸಾಗಿತು, ಈಗ ಕಾರಿನಲ್ಲಿ ಇರುವುದು ನಾನೊಬ್ಬಳೇ ಅಲ್ಲವಲ್ಲ.

ಆ ದಿನಗಳಲ್ಲೇ ಬ್ರೇಕ್ ಆಯಿಲು ಇಳಿಯತೊಡಗಿದ್ದು. ಪ್ರತಿ ಭಾನುವಾರ ನೋಡಿದರೆ ಡಬ್ಬಿಯಲ್ಲಿ ಮೇಲಿನ ಗೆರೆಯಿಂದ ಒಂದು ಬೆರಳು ಕೆಳಗೆ. ನಾನು ಪುಟ್ಟ ಬಾಟ್ಲಿಯಿಂದ ಒಂದು ಹನಿಯೂ ಚೆಲ್ಲದ ಹಾಗೆ ಹೊಯ್ದು, ಮೇಲಿನ ಗೆರೆಗೆ ತಂದು, ಮುಚ್ಚಳ ಹಾಕಿ, ಒಂದು ನಿಮಿಷ ನಿಂತು ನೋಡುತ್ತಿದ್ದೆ. ಗಾಡಿ ಓಡುತ್ತದೆ, ಆಯಿಲು ಖರ್ಚಾಗುತ್ತದೆ, ಪೆಟ್ರೋಲು ಮುಗಿಯುವುದಿಲ್ಲವೇ ಹಾಗೆ ಎಂದು ನನ್ನ ಲೆಕ್ಕಾಚಾರ. ಪೆಡಲು ಮೊದಲಿಗಿಂತ ಸ್ವಲ್ಪ ಒಳಗೆ ಹೋಗುತ್ತಿತ್ತು, ಅದೂ ನಿಜ. ಆದರೆ ಅದು ವಾರಕ್ಕೆ ಕೂದಲೆಳೆಯಷ್ಟೇ ಬದಲಾಗುತ್ತಿದ್ದುದರಿಂದ ನನ್ನ ಕಾಲು ತಾನಾಗಿಯೇ ಹೊಂದಿಕೊಂಡು ಒತ್ತುತ್ತಿತ್ತು. ಕಾಲು ಕಲಿತದ್ದು ತಲೆಗೆ ತಿಳಿಯಲಿಲ್ಲ. ಹೀಗೆ ಒಂಬತ್ತು ಭಾನುವಾರ.

ಇದರ ನಡುವೆ ಝೊಹರಾಳಿಗೆ ಸ್ಕ್ಯಾನಿಂಗ್ ಆಯಿತು. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಮಗು ಚೆನ್ನಾಗಿದೆ, ಸುತ್ತ ನೀರು ಸ್ವಲ್ಪ ಕಡಿಮೆ, ಚೆನ್ನಾಗಿ ನೀರು ಕುಡಿಯಿರಿ, ಎರಡು ವಾರ ಬಿಟ್ಟು ಬನ್ನಿ ಎಂದಿದ್ದರಂತೆ. ಇಷ್ಟು ಕೇಳಿದ್ದೇ ತಡ, ನಾನೂ ಅವಳ ಅತ್ತೆಯೂ ಟೊಂಕ ಕಟ್ಟಿ ನಿಂತೆವು. ಅವರು ಮನೆಯಲ್ಲಿ ಬಾರ್ಲಿ ನೀರು ಕಾಯಿಸಿದರೆ ನಾನು ದಿನಾ ದಾರಿಯಲ್ಲಿ ಕಾರು ನಿಲ್ಲಿಸಿ ಎಳನೀರು ಕೊಡಿಸಿದೆ. ಕ್ಲಾಸಿನ ನಡುವೆ ಬಾಗಿಲಲ್ಲಿ ನಿಂತು ಬಾಟ್ಲಿ ತೋರಿಸುತ್ತಿದ್ದೆ. ಮಕ್ಕಳೆದುರು ಅವಳು ನಾಚಿಕೊಂಡು ಎರಡು ಗುಟುಕು ಕುಡಿಯುತ್ತಿದ್ದಳು.

ಹತ್ತನೇ ಭಾನುವಾರ ಬ್ರೇಕ್ ಆಯಿಲಿನ ಎರಡನೇ ಬಾಟ್ಲಿ ಮುಗಿಯಿತು. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಇನ್ನೊಂದು ಕೇಳಿದೆ. ಅಂಗಡಿಯವರು ಬಾಟ್ಲಿ ಕೈಗೆ ತೆಗೆದುಕೊಂಡವರು ಕೊಡದೆ ಹಾಗೆಯೇ ನಿಂತರು. ನಿಮ್ಮಲ್ಲಿ ಎಷ್ಟು ಗಾಡಿ ಉಂಟು ಎಂದು ಕೇಳಿದರು. ಒಂದೇ ಎಂದೆ. ಅವರು ಬೆಂಚಿನ ಮೇಲೆ ಚಾ ಕುಡಿಯುತ್ತಿದ್ದ ಲೋಕಯ್ಯಣ್ಣನ ಮುಖ ನೋಡಿದರು. ಲೋಕಯ್ಯಣ್ಣ ಗ್ಲಾಸು ಕೆಳಗಿಟ್ಟರು.

“ಟೀಚರ್, ಇದು ಎಷ್ಟನೇ ಬಾಟ್ಲಿ?”

“ಮೂರನೇದು” ಎಂದೆ. ಹೇಳುವಾಗ ನನ್ನ ಸ್ವರದಲ್ಲಿ ಹೆಮ್ಮೆ ಇತ್ತು ಎಂದು ಈಗ ನೆನೆದರೆ ನಾಚಿಕೆಯಲ್ಲಿ ಮುಖ ಎಲ್ಲಿ ಅಡಗಿಸಲಿ ಅನಿಸುತ್ತದೆ.

ಅವರು ಕೀಗಾಗಿ ಕೈ ಚಾಚಿದರು. ಕಾರನ್ನು ಗ್ಯಾರೇಜಿಗೆ ತಾವೇ ನಡಿಗೆಯ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟುಕೊಂಡು ಒಯ್ದರು. ಎಡಗಡೆಯ ಹಿಂದಿನ ಚಕ್ರ ಬಿಚ್ಚಿ, ಅದರ ಹಿಂದಿನ ಬ್ರೇಕ್ ಡ್ರಮ್ಮು ಕಳಚಿದರು. ಒಳಗೆಲ್ಲ ಒದ್ದೆ. ಕಪ್ಪು ಕೆಸರಿನ ಹಾಗೆ ಏನೋ ಮೆತ್ತಿಕೊಂಡು, ಹಿಡಿಯಬೇಕಾದ ಜಾಗವೆಲ್ಲ ಜಾರುತ್ತಿತ್ತು. ನಾನು ಒಂಬತ್ತು ವಾರ ಪ್ರೀತಿಯಿಂದ ಹೊಯ್ದದ್ದೆಲ್ಲ ಅಲ್ಲಿ ಇತ್ತು. ಟಯರಿನ ಒಳಮೈ ಕೂಡ ಮಿನುಗುತ್ತಿತ್ತು. ಅದು ನೆಲಕ್ಕೆ ಬೀಳುವುದಿಲ್ಲವಂತೆ, ಆದ್ದರಿಂದ ಅಂಗಳದಲ್ಲಿ ಕಲೆ ಕಾಣುವುದಿಲ್ಲವಂತೆ. ಲೋಕಯ್ಯಣ್ಣ ಬೆರಳಿಗೆ ಹತ್ತಿದ್ದನ್ನು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ಎಣಿಸಿದ್ದೆ. ಬೈಯಲಿಲ್ಲ.

“ಬ್ರೇಕ್ ಆಯಿಲು ಖರ್ಚಾಗುವ ವಸ್ತು ಅಲ್ಲ ಟೀಚರ್. ವಾರ ವಾರ ಇಷ್ಟು ಇಳೀತಾ ಉಂಟು ಅಂದ್ರೆ ಅದು ಎಲ್ಲಿಗೋ ಹೋಗ್ತಾ ಉಂಟು. ತುಂಬಿಸುವ ಮೊದಲು ಎಲ್ಲಿಗೆ ಹೋಗ್ತದೆ ಅಂತ ಕೇಳ್ಬೇಕಿತ್ತು. ನೀವು ಹಾಕದೇ ಬಿಟ್ಟಿದ್ರೆ ಮೀಟರಿನಲ್ಲಿ ಕೆಂಪು ಲೈಟಾದ್ರೂ ಬರ್ತಿತ್ತು.”

ನಾನು ಅಲ್ಲಿದ್ದ ಹಳೆಯ ಟಯರಿನ ಮೇಲೆ ಕುಳಿತೆ. ಕಣ್ಣೆದುರು ಬಂದದ್ದು ವಾಮದಪದವಿನಿಂದ ಇಳಿಯುವ ರಸ್ತೆ, ಅದರ ತಿರುವುಗಳು, ಎಡಗಡೆಯ ಸೀಟಿನಲ್ಲಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ತೂಕಡಿಸುವ ಝೊಹರಾ. ಹದಿಮೂರು ವರ್ಷ ಕಾದು ಪಡೆದದ್ದನ್ನು ನಾನು ದಿನಕ್ಕೆರಡು ಸಲ ಜಾರುವ ಚಕ್ರದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ಎಚ್ಚರಿಸಲು ಬರಬೇಕಾಗಿದ್ದ ಲೈಟನ್ನೂ ನಾನೇ ಪ್ರತಿ ವಾರ ಆರಿಸಿಡುತ್ತಿದ್ದೆ. ನಾನು ಏನೂ ಗೊತ್ತಿಲ್ಲದ ಹೆಡ್ಡಿಯಾಗಿದ್ದರೆ, ಬಾನೆಟನ್ನೇ ತೆರೆಯದವಳಾಗಿದ್ದರೆ ಅವಳು ಇದಕ್ಕಿಂತ ಸುರಕ್ಷಿತಳಾಗಿರುತ್ತಿದ್ದಳಲ್ಲ ಎಂದು ಹೊಳೆದಾಗ ನನಗೆ ಅಳುವೂ ಬರಲಿಲ್ಲ.

ಸಂಜೆಯೊಳಗೆ ಲೋಕಯ್ಯಣ್ಣ ಆ ಚಕ್ರದಲ್ಲಿ ಸೋರುತ್ತಿದ್ದ ಬ್ರೇಕ್ ಸಿಲಿಂಡರನ್ನು ಬದಲಾಯಿಸಿ, ಒದ್ದೆಯಾದದ್ದನ್ನೆಲ್ಲ ಹೊಸದು ಹಾಕಿ, ತಾವೇ ಎರಡು ಸುತ್ತು ಓಡಿಸಿ ನೋಡಿ ಕೊಟ್ಟರು. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ನಾಳೆ ಝೊಹರಾಳಿಗೆ ಹೇಳುತ್ತೇನೆ ಎಂದೆ. ಅವರು ಪೇಪರ್ ಮಡಚಿಟ್ಟರು. ರಿಪೇರಿ ಆಗಿದೆಯಲ್ಲ, ತುಂಬಿದ ಬಸುರಿಯನ್ನು ಯಾಕೆ ಸುಮ್ಮನೆ ಹೆದರಿಸುವುದು ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಜ್ಜಿ ಇದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಆದರೆ ಮರುದಿನ ಆ ಅತ್ತೆ ಬಾಗಿಲು ಹಾಕಿ ನಿಮ್ಮನ್ನು ನಂಬಿದ್ದೇವೆ ಎಂದು ಹೇಳುವಾಗ ನಾನು ತಲೆಯಾಡಿಸಬೇಕಲ್ಲ. ಅದು ನನ್ನಿಂದ ಆಗುತ್ತಿರಲಿಲ್ಲ.

ಮರುದಿನ ಅತ್ತೆ ಹೇಳಿದರು, ನಾನು ತಲೆಯಾಡಿಸಿದೆ. ಅಷ್ಟು ಹೇಡಿ ನಾನು. ಗುರುವಾಯನಕೆರೆ ದಾಟಿ ಎರಡು ಕಿಲೋಮೀಟರ್ ಹೋದ ಮೇಲೆ, ನೆರಳಿದ್ದಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗ್ ನೋಡುತ್ತ ಎಲ್ಲವನ್ನೂ ಒಪ್ಪಿಸಿದೆ. ಒಂಬತ್ತು ಭಾನುವಾರ, ಎರಡು ಬಾಟ್ಲಿ, ಒದ್ದೆ ಡ್ರಮ್ಮು, ಲೋಕಯ್ಯಣ್ಣ ಹೇಳಿದ ಮಾತು, ಒಂದನ್ನೂ ಬಿಡಲಿಲ್ಲ. ಬೇಕಾದರೆ ಇಲ್ಲಿಂದಲೇ ಆಟೋ ಮಾಡಿ ಕಳಿಸುತ್ತೇನೆ, ನನ್ನ ಕಾರಿನಲ್ಲಿ ಇನ್ನು ಬರಬೇಕೆಂದಿಲ್ಲ ಎಂದೂ ಹೇಳಿದೆ.

ಝೊಹರಾಳಿಗೆ ಕೋಪವಿರಬೇಕು ಎಂದು ತಿರುಗಿ ನೋಡಿದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ನೀರಿನ ಬಾಟ್ಲಿಯನ್ನು ನೋಡುತ್ತಿದ್ದಳು. ಮುಖ ಬಿಳಚಿಕೊಂಡಿತ್ತು.

“ಟೀಚರ್, ನನಗೂ ಹಾಗೆ ಹೋಗ್ತಾ ಉಂಟು ಅಂತ ಕಾಣ್ತದೆ.”

“ಏನು?”

“ನೀರು. ಸ್ವಲ್ಪ ಸ್ವಲ್ಪ. ಇಪ್ಪತ್ತು ದಿವಸ ಆಯ್ತು. ಈ ಸಮಯದಲ್ಲಿ ಮೂತ್ರ ತಡೆಯುವುದಿಲ್ಲ ಅಲ್ವಾ, ಅದೇ ಅಂತ ಎಣಿಸಿದ್ದೆ. ಡಾಕ್ಟ್ರು ಬೇರೆ ಏನಾದ್ರೂ ತೊಂದ್ರೆ ಉಂಟಾ ಅಂತ ಕೇಳಿದ್ರು. ಮಾಮಿ ಹತ್ರ ನಿಂತಿದ್ರು. ನಾಚಿಕೆ ಆಯ್ತು, ಇಲ್ಲ ಅಂದೆ.”

ಮಗು ಉಳಿಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಹೆದರಿಸಿ ಕೂರಿಸುವ ಇರಾದೆ ನನಗಿಲ್ಲ. ಅಂಗೈಯಗಲದ ಹೆಣ್ಣುಮಗು. ಮಂಗಳೂರಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಐದು ವಾರ ಮಲಗಿ ಎದ್ದು ಬಂತು. ಈಗ ಗುರುವಾಯನಕೆರೆಯ ಆ ಮನೆಯಲ್ಲಿ ಅಂಬೆಗಾಲಿಡುತ್ತಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಆದರೆ ಆ ಕ್ಷಣದಲ್ಲಿ ನನಗೆ ಇದು ಯಾವುದೂ ಗೊತ್ತಿರಲಿಲ್ಲ. ರಸ್ತೆಯಲ್ಲೇ ಕಾರು ತಿರುಗಿಸಿದೆ. ಮೂರು ವರ್ಷದಲ್ಲಿ ನಾನು ಅಷ್ಟು ವೇಗವಾಗಿ ಹೋದದ್ದಿಲ್ಲ. ಬೆಳ್ತಂಗಡಿಯ ಪೇಟೆಯಲ್ಲಿ ಬಸ್ಸೊಂದು ಅಡ್ಡ ಬಂದಾಗ ಬ್ರೇಕ್ ಒತ್ತಿದೆ, ಕಾರು ಒತ್ತಿದಲ್ಲೇ ನಿಂತಿತು. ಹಿಂದಿನ ದಿನದ ಬ್ರೇಕಾಗಿದ್ದರೆ ಏನಾಗುತ್ತಿತ್ತೆಂದು ನಾನು ಇಷ್ಟರವರೆಗೆ ಯೋಚಿಸಿಲ್ಲ, ಯೋಚಿಸುವುದೂ ಇಲ್ಲ.

ಆಸ್ಪತ್ರೆಯಲ್ಲಿ ಝೊಹರಾಳನ್ನು ಒಳಗೆ ಕರೆದುಕೊಂಡು ಹೋದರು. ಫೋನ್ ಮಾಡಿದ ಅರ್ಧ ಗಂಟೆಯೊಳಗೆ ಅವಳ ಅತ್ತೆ ಆಟೋದಲ್ಲಿ ಬಂದರು, ಗಾಬರಿಯಲ್ಲಿ ಬಾರ್ಲಿ ನೀರಿನ ಫ್ಲಾಸ್ಕನ್ನು ಎತ್ತಿಕೊಂಡೇ ಬಂದಿದ್ದರು. ನಾವಿಬ್ಬರೂ ಬೆಂಚಿನ ಮೇಲೆ ಕುಳಿತೆವು. ನಾನು ಅವರಿಗೆ ಬ್ರೇಕಿನ ವಿಷಯವನ್ನೂ ಹೇಳಿದೆ. ಅವರ ಕಿವಿಗೆ ಅದು ಬಿತ್ತೋ ಇಲ್ಲವೋ ತಿಳಿಯಲಿಲ್ಲ, ತುಟಿ ಮಾತ್ರ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು.

ಡಾಕ್ಟರಮ್ಮ ಹೊರಗೆ ಬಂದರು. ಮಗುವಿನ ಸುತ್ತ ನೀರು ಉಳಿದದ್ದು ಹೆಸರಿಗೆ ಮಾತ್ರ, ಜ್ವರ ಶುರುವಾಗುವುದರಲ್ಲಿದೆ, ಕೂಡಲೇ ಮಂಗಳೂರಿಗೆ ಕಳಿಸುತ್ತೇನೆ, ಆಂಬುಲೆನ್ಸ್ ಬರುತ್ತಿದೆ ಎಂದರು. ಆಮೇಲೆ ನಮ್ಮಿಬ್ಬರನ್ನೂ ನೋಡಿದರು. ನಾನು ಅವಳ ತಾಯಿ ಎಂದು ಎಣಿಸಿರಬೇಕು.

“ಇಪ್ಪತ್ತು ದಿವಸದಿಂದ ನೀರು ಸೋರ್ತಾ ಉಂಟಂತೆ. ಜೊತೆಗೆ ಎರಡೆರಡು ಹಿರಿಯ ಹೆಂಗಸರು ಇದ್ದೀರಿ. ನೀವು ಎಂಥ ಮಾಡ್ತಾ ಇದ್ರಿ?”

ಅತ್ತೆ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು ನನ್ನ ಮುಖ ನೋಡಿದರು. ಉತ್ತರ ಕೊಡಬೇಕಾದವಳು ನಾನೇ ಆಗಿದ್ದೆ.

“ಕುಡಿಸ್ತಾ ಇದ್ದೆವು, ಡಾಕ್ಟ್ರೇ” ಎಂದೆ.